ಪಾಂಡವರ ಮನೆಯ ಗಡಿಗೆ

ತುಮಕೂರಿನಲ್ಲಿರುವ ಮಗಳ ಮನೆಯಲ್ಲಿ ಬೋರ್‌ವೆಲ್ ನೀರು. ಬಕೆಟ್ಟು, ಚೊಂಬು, ನಲ್ಲಿ ಎಲ್ಲದರ ಮೇಲೂ ಬಿಳಿ ಕಲೆ. ಮೊನ್ನೆ ಬೆಳಿಗ್ಗೆ ಕೆಲಸದಾಕೆ ಎಲ್ಲಿಂದಲೋ ಒಲೆ ಬೂದಿ ತಂದು, ಹುಣಸೆಹಣ್ಣು ಕಿವುಚಿ, ಹಿತ್ತಲಲ್ಲಿ ಕೂತು ಆ ಕಲೆಗಳನ್ನು ತಿಕ್ಕುತ್ತಿದ್ದಳು. ಹುಳಿಯೂ ಬೂದಿಯೂ ಬೆರೆತ ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಫಿ ಲೋಟ ಕೆಳಗಿಟ್ಟು ಎದ್ದೆ. ಅಂಗಳಕ್ಕೆ ಹೋದೆ, ಬಂದೆ, ಮತ್ತೆ ಹೋದೆ.

"ಒಂದ್ ಕಡೆ ಕೂತ್ಕೊಳಕ್ಕಾಗಲ್ವೇನಮ್ಮ ನಿಂಗೆ?" ಎಂದು ಮಗಳು ಗದರಿದಳು. ಆಗುವುದಿಲ್ಲ. ಈ ವಾಸನೆ ಇರುವ ಕಡೆ ಕೂರಲು ನನ್ನಿಂದ ಆಗಿಯೇ ಇಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಗುಬ್ಬಿಯಲ್ಲಿ ಹುಟ್ಟಿದ ನಾನು ಮದುವೆಯಾಗಿ ಕುಣಿಗಲ್ಲಿಗೆ ಬಂದು ವರ್ಷ ತುಂಬಿರಲಿಲ್ಲ. ನಮ್ಮ ಮನೆಯ ಬೀದಿ ಕಡೆಯ ಕೋಣೆಯಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಬಾಡಿಗೆಗಿದ್ದರು. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ ಅಂತಾರಲ್ಲ, ಹಾಗೆ. ಭಾನುವಾರ ಬಂತೆಂದರೆ ಸೈಕಲ್ಲಿಗೆ ರಟ್ಟು, ಕಾಗದದ ಸುರುಳಿ, ನೀರಿನ ಬಾಟಲಿ ಕಟ್ಟಿಕೊಂಡು ಹುಲಿಯೂರುದುರ್ಗದ ದಾರಿ ಹಿಡಿದುಬಿಡುವರು. ವಾಪಸು ಬರುವಾಗ ಮುಖ ಕೆಂಪಗೆ, ಪಂಚೆಗೆಲ್ಲ ಮುಳ್ಳು. "ಮದ್ವೆ ಆಗಿದ್ರೆ ಇಂಗೆಲ್ಲ ತಿರುಗ್ತಿದ್ರಾ ಮೇಷ್ಟ್ರು?" ಎಂದು ನಮ್ಮತ್ತೆ ಛೇಡಿಸುವರು. ಅವರು ನಕ್ಕು ಒಳಗೆ ಹೋಗುವರು.

ಅವರು ಹೋಗುತ್ತಿದ್ದದ್ದು ಪಾಂಡವರ ಮನೆಗಳಿಗೆ. ಆ ದಾರಿಯಲ್ಲಿ ಒಂದು ಕಲ್ಲುಗುಡ್ಡ, ಅದರ ಇಳಿಜಾರಿನಲ್ಲಿ ಹನ್ನೆರಡೋ ಹದಿಮೂರೋ ಚಪ್ಪಡಿ ಮನೆಗಳು. ವನವಾಸಕ್ಕೆ ಬಂದ ಪಾಂಡವರು ಕಟ್ಟಿಕೊಂಡದ್ದು ಎಂದು ಊರಿನವರೆಲ್ಲ ನಂಬಿದ್ದರು. ಒಮ್ಮೆ ಹುಲಿಯೂರುದುರ್ಗದ ನೆಂಟರ ಮನೆಗೆ ಗಾಡಿಯಲ್ಲಿ ಹೊರಟಿದ್ದಾಗ ಮೇಷ್ಟ್ರು ಅಲ್ಲೇ ಸಿಕ್ಕರು. ನನ್ನನ್ನೂ ಅತ್ತೆಯನ್ನೂ ಇಳಿಸಿ ತೋರಿಸಿದರು. ನಾಲ್ಕು ದಿಕ್ಕಿಗೆ ನಾಲ್ಕು ಚಪ್ಪಡಿ, ಒಂದರ ಅಂಚು ಇನ್ನೊಂದಕ್ಕೆ ಆನಿಕೊಂಡು ನಿಂತಿವೆ. ಗಾರೆಯಿಲ್ಲ, ಮೊಳೆಯಿಲ್ಲ. ಮೇಲೆ ಹತ್ತು ಜನ ಎತ್ತಲಾಗದ ಮುಚ್ಚುಗಲ್ಲು. ಮೂಡಲ ಚಪ್ಪಡಿಯಲ್ಲಿ ಮಾತ್ರ ದುಂಡನೆಯ ಒಂದು ಕಂಡಿ, ಬಳೆ ಇಟ್ಟು ಕೊರೆದ ಹಾಗೆ.

ಅತ್ತೆ ಕಂಡಿಯನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. "ಅಲ್ಲಾ, ಭೀಮ ಈ ತೂತಲ್ಲಿ ಎಂಗ್ ತೂರ್ದ?"

ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಇವು ಮನೆ ಅಲ್ಲಮ್ಮ, ಸಮಾಧಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಸತ್ತೋರಿಗೆ ಅಂತ ಕಟ್ಟಿದ್ದು. ತಮಗೆ ಗುಡಿಸಲು ಕಟ್ಕೊಂಡ್ರು, ಸತ್ತೋರಿಗೆ ಕಲ್ಲುಮನೆ ಕಟ್ಟಿದ್ರು." ನಾನು ಆ ಕಂಡಿಯೊಳಗೆ ಕೈ ಹಾಕಿದೆ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಬಾವಿಯ ತಂಪು... ಅತ್ತೆ ನನ್ನ ಕೈ ಎಳೆದು, ಮನೆಗೆ ಹೋದ ಮೇಲೆ ತಲೆಗೆ ನೀರು ಹಾಕಿಕೊಳ್ಳಬೇಕೆಂದರು.

ಆ ವರ್ಷವೇ ಆ ದಾರಿಗೆ ರಸ್ತೆ ಕೆಲಸ ಬಂತು. ಮೋರಿಗಳ ಮೇಲೆ ಹೊದಿಸಲು ಕಂಟ್ರಾಕ್ಟರಿಗೆ ಚಪ್ಪಡಿ ಬೇಕಿತ್ತು. ಬಂಡೆ ಸೀಳುವ ಕೂಲಿ ಯಾರು ಕೊಟ್ಟಾರು, ಸೀಳಿದ ಚಪ್ಪಡಿಗಳೇ ಗುಡ್ಡದ ಮೇಲೆ ನಿಂತಿರುವಾಗ? ಎರಡು ಮನೆ ಬಿಚ್ಚಿ ಸಾಗಿಸಿಯೂ ಆಯಿತು. ಮೇಷ್ಟ್ರಿಗೆ ಊಟ ಸೇರದಾಯಿತು. ತಾಲ್ಲೂಕು ಕಚೇರಿಗೆ ಅಲೆದರು, ತುಮಕೂರಿಗೆ ಅಲೆದರು, ಕೊನೆಗೆ ಹಳೆಯ ಕಟ್ಟಡಗಳ ವಿಚಾರ ನೋಡುವ ಬೆಂಗಳೂರಿನ ಅಧಿಕಾರಿಯೊಬ್ಬರಿಗೆ ಕಾಗದ ಬರೆದರು. ಸೋಮವಾರ ತುಮಕೂರಿಗೆ ಬರುತ್ತೇನೆ, ತೋರಿಸುವಂಥದ್ದಿದ್ದರೆ ಕುಣಿಗಲ್ಲಿಗೂ ಬಂದು ನೋಡುತ್ತೇನೆ ಎಂದು ಉತ್ತರ ಬಂತು.

ಅದರ ಹಿಂದಿನ ಶನಿವಾರ ಮೂರನೆಯ ಮನೆಯ ನೆಲದಲ್ಲಿ ಆ ಗಡಿಗೆ ಸಿಕ್ಕಿತು. ಕೂಲಿಯವರು ಒಳಗೆ ನಿಧಿಯಿದೆಯೆಂದು ಒಡೆಯಲು ಹೊರಟಿದ್ದರಂತೆ. ಮೇಷ್ಟ್ರು ಅಡ್ಡ ಬಿದ್ದು ಇಸಿದುಕೊಂಡು, ಹಳ್ಳದಲ್ಲಿ ಮಣ್ಣು ತೊಳೆದು, ಪಂಚೆಯಲ್ಲಿ ಸುತ್ತಿ ತಂದರು. ಅತ್ತೆ ಹೊಸ್ತಿಲಲ್ಲೇ ತಡೆದರು.

"ಎಣದ್ ಗಡಿಗೇನ ಬಾಳೋ ಮನೆವೊಳಕ್ಕೆ ತರ್ತೀರಾ?"

"ಎರಡೇ ದಿನ ಕಣಮ್ಮ. ಸಾಹೇಬ್ರು ಒಂದ್ಸಲ ನೋಡ್ಲಿ. ನೋಡಿದ್ರೆ ಕಲ್ಲು ಉಳೀತವೆ." ಕೊನೆಗೆ ಹಿತ್ತಲಿನ ಬಚ್ಚಲ ಪಕ್ಕ ಇಡಲು ಅಪ್ಪಣೆಯಾಯಿತು. ಭಾನುವಾರವೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು ಏನೋ ಬರೆದರು. ಸೋಮವಾರ ಬೆಳಿಗ್ಗೆ ಅಧಿಕಾರಿಯನ್ನು ಕರೆತರಲು ತುಮಕೂರಿನ ಬಸ್ಸು ಹತ್ತುವ ಮುಂಚೆ ಹಿತ್ತಲಿಗೆ ಬಂದು, "ಅದು ಜೋಪಾನ ತಾಯಿ" ಎಂದು ನನಗೆ ಹೇಳಿ ಹೋದರು.

ಜೋಪಾನ ಮಾಡಿದೆ!

ಬೆಂಗಳೂರಿನ ಸಾಹೇಬರು ಬರುವ ಮನೆ. ಬೆಳಗಿನಿಂದ ನನ್ನ ಕೈಕಾಲು ನಿಂತಿರಲಿಲ್ಲ. ಹಜಾರ ಸಾರಿಸಿದೆ, ಕಂಚಿನ ಲೋಟ ಬೆಳಗಿದೆ, ಬಚ್ಚಲ ಹಂಡೆಗೆ ಕೂತಿದ್ದ ಸುಣ್ಣದ ಕಲೆಗೆ ಹುಣಸೆಹಣ್ಣು ಹಚ್ಚಿದೆ. ಕುಣಿಗಲ್ಲಿನ ನಮ್ಮ ಬಾವಿಯದೂ ಗಡಸು ನೀರೇ. ಪಕ್ಕದಲ್ಲಿ ಪಂಚೆಯ ಗಂಟು. ಬಿಚ್ಚಿ ನೋಡಿದರೆ ಅಚ್ಚ ಕೆಂಪು ಗಡಿಗೆ, ಆದರೆ ಹೊಟ್ಟೆಯ ಸುತ್ತ ಅಲ್ಲಲ್ಲಿ ಮಾಸಲು ಬಿಳಿ ಕಲೆ. ಇಂಥ ಕೊಳೆ ಗಡಿಗೆಯನ್ನು ದೊಡ್ಡ ಮನುಷ್ಯರ ಮುಂದಿಟ್ಟರೆ ಮನೆ ಹೆಂಗಸರ ಮಾನವೇನಾದೀತು? ಹಂಡೆಗೆ ಹಚ್ಚಿ ಮಿಕ್ಕಿದ್ದ ಹುಳಿಯನ್ನು ಅದಕ್ಕೂ ಬಳಿದೆ. ಬೂದಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿದೆ. ಮೊದಲು ಹೋಗಲಿಲ್ಲ. ನಾನೂ ಬಿಡಲಿಲ್ಲ... ತೊಳೆದು, ಒರೆಸಿ, ಬಿಸಿಲಿಗಿಟ್ಟು, ಅದೇ ಪಂಚೆಯಲ್ಲಿ ಸುತ್ತಿದೆ. ಅತ್ತೆ ನೋಡಿ, "ಈಗ ಮನೆವೊಳಗೆ ತಂದ್ರೂ ಪರವಾಗಿಲ್ಲ" ಎಂದರು. ಅತ್ತೆಯಿಂದ ಹೊಗಳಿಕೆ ಅಪರೂಪ. ನನಗೆ ಹಿಗ್ಗು.

ಮಧ್ಯಾಹ್ನ ಅಧಿಕಾರಿ ಬಂದರು. ನಾನು ಅಡಿಗೆಮನೆಯ ಬಾಗಿಲ ಸಂದಿಯಲ್ಲಿದ್ದೆ. ಮೊದಲು ಗುಡ್ಡಕ್ಕೇ ಹೋಗಿ ಕಲ್ಲುಮನೆಗಳನ್ನು ನೋಡಿಕೊಂಡು ಬಂದಿದ್ದರು. ಅಂಥವು ಈ ಸೀಮೆಯಲ್ಲಿ ಬೇಕಾದಷ್ಟಿವೆ, ಆದರೆ ಬಿಳಿ ಬಣ್ಣದ ಚಿತ್ತಾರವಿರುವ ಗಡಿಗೆ ಅದರೊಳಗೆ ಸಿಕ್ಕಿದ್ದು ನಿಜವಾದರೆ ಇವತ್ತೇ ಕೆಲಸ ನಿಲ್ಲಿಸಲು ಬರೆಯುತ್ತೇನೆ ಎಂದರು. ಚಿತ್ತಾರ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಆಗಲೇ.

ಮೇಷ್ಟ್ರು ಗಂಟು ಬಿಚ್ಚಿದರು. ಗಡಿಗೆಯನ್ನು ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಬೀದಿ ಬಾಗಿಲ ಬೆಳಕಿಗೆ ಒಯ್ದರು. ಅಂಗಿಯ ತುದಿಯಲ್ಲಿ ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು.

"ಇತ್ತು ಸಾರ್. ಬಿಳಿ ಗೆರೆ. ಸುತ್ತ ಇತ್ತು. ಬರ್ಕೊಂಡಿದೀನಿ ನೋಡಿ" ಎಂದು ಕೋಣೆಯಿಂದ ಚಿತ್ರ ತಂದು ತೋರಿಸಿದರು.

ಅಧಿಕಾರಿ ಕೆಟ್ಟವರಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಮಣ್ಣಲ್ಲಿದ್ದ ಮಡಕೆ ಅಲ್ವೇ, ಮೇಲೆ ಉಪ್ಪು ಕೂತಿರುತ್ತೆ. ಒಣಗ್ತಾ ಇರುವಾಗ ಗೆರೆ ಥರ ಕಾಣುತ್ತೆ, ಆಮೇಲೆ ಉದುರಿ ಹೋಗುತ್ತೆ. ಆಸೆ ಇದ್ದಾಗ ಕಣ್ಣು ಅದನ್ನೇ ಕಾಣುತ್ತೆ ಮೇಷ್ಟ್ರೇ" ಎಂದು ಮೆಲ್ಲಗೆ ಹೇಳಿದರು.

ನಾನು ಬಾಗಿಲು ಸರಿಸಿ ನಾಲ್ಕು ಮಾತು ಆಡಿದ್ದರೆ ಸಾಕಿತ್ತು. ಬಾಯಿಯವರೆಗೂ ಬಂತು. ಅತ್ತೆ ನನ್ನ ರಟ್ಟೆ ಹಿಡಿದು, "ಬಾಯ್ ಮುಚ್ಕೊಂಡಿರು. ಎಣದ್ ಗಡಿಗೆ ಪಂಚಾಯ್ತಿ ನಮ್ಗ್ಯಾಕೆ?" ಎಂದು ಪಿಸುಗುಟ್ಟಿದರು. ಅತ್ತೆಯ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಅವರು ಕೈ ಬಿಟ್ಟ ಮೇಲೂ ನಾನು ಸುಮ್ಮನಿದ್ದೆ. ದಡ್ಡಿ ಎನ್ನಿಸಿಕೊಳ್ಳುವ ಭಯ, ಅಷ್ಟೇ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಆ ಗಾದೆ ಕಟ್ಟಿದವರನ್ನು ಕಂಡರೆ ನನಗೆ ಈಗಲೂ ಸಿಟ್ಟು.

ಎರಡು ವಾರದಲ್ಲಿ ಗುಡ್ಡ ಬರಿದಾಯಿತು. ಮೇಷ್ಟ್ರು ಭಾನುವಾರ ಹೊರಗೆ ಹೋಗುವುದನ್ನು ಬಿಟ್ಟರು. ಮನೆಯಲ್ಲೂ ಕೂರಲಾರರು, ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುವ ಸದ್ದು ನಮಗೆ ಕೇಳುತ್ತಿತ್ತು. ಕಣ್ಣು ತೋರಿಸಲು ತುಮಕೂರಿಗೆ ಹೋಗಿ ದಪ್ಪ ಕನ್ನಡಕ ಹಾಕಿಸಿಕೊಂಡು ಬಂದರು. ಬೇಸಿಗೆ ರಜೆಯ ಹೊತ್ತಿಗೆ ವರ್ಗವಾಯಿತು. ಹೊರಡುವ ದಿನ ಕಾಗದದ ಸುರುಳಿಯನ್ನು ನನ್ನ ಕೈಗಿಟ್ಟು, "ಹಿಂದೆ ಖಾಲಿ ಇದೆ ತಾಯಿ. ಮುಂದೆ ಮಕ್ಕಳು ಮರಿ ಆದ್ರೆ ಲೆಕ್ಕ ಮಾಡೋಕೆ ಆಗುತ್ತೆ" ಎಂದರು. ಅವರು ಬೀದಿ ತಿರುಗಿದ ಮೇಲೆ ಬಿಚ್ಚಿದೆ. ಕಲ್ಲುಮನೆಗಳೆಲ್ಲ ಇದ್ದವು, ಒಂದೊಂದು ಚಪ್ಪಡಿಯ ಅಳತೆಯ ಸಮೇತ. ಕೊನೆಯ ಹಾಳೆಯಲ್ಲಿ ಗಡಿಗೆ. ಅದರ ಹೊಟ್ಟೆಯ ಮೇಲಿನ ಗೆರೆಗಳನ್ನು ಅವರೇ ರಬ್ಬರಿನಿಂದ ಅಳಿಸಿದ್ದರು. ಗಡಿಗೆಯ ಮೇಲಿದ್ದುದನ್ನು ನಾನು ತೊಳೆದೆ, ಕಾಗದದ ಮೇಲಿದ್ದುದನ್ನು ಅವರು ಅಳಿಸಿದರು.

ವರ್ಗವಾದದ್ದು ಎಲ್ಲಿಗೆ? ಗುಬ್ಬಿಗೆ, ನನ್ನ ತವರಿಗೇ! ಅರವತ್ತರ ದಶಕದ ಮೊದಲಲ್ಲಿ ತವರಿಗೆ ಹೋದಾಗಲೆಲ್ಲ ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಹೊರಡುವೆ, ಅವರ ಮನೆಯ ತಿರುವಿನವರೆಗೆ ಹೋಗಿ ಹಿಂದಿರುಗುವೆ. ಒಂದು ಸಲ ಸಂತೆಯಲ್ಲಿ ಎದುರೇ ಸಿಕ್ಕರು. ಅತ್ತೆಯ ಆರೋಗ್ಯ ವಿಚಾರಿಸಿದರು, ಕಂಕುಳಲ್ಲಿದ್ದ ಮಗಳ ಕೆನ್ನೆ ಸವರಿದರು. "ಮೇಷ್ಟ್ರೇ, ಆವತ್ತು..." ಎಂದು ಶುರು ಮಾಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ನಕ್ಕರು.

"ಈಗ ಕಣ್ಣು ವಾಸಿ ಕಣಮ್ಮ. ಇಲ್ಲದ್ದು ಕಾಣೋದಿಲ್ಲ."

ಮಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಬರುತ್ತೇನೆ ಎಂದು ಹೊರಟುಬಿಟ್ಟೆ. ಮುಂದಿನ ಸಲ ತವರಿಗೆ ಹೋದಾಗ ಅಮ್ಮ ಅಕ್ಕಿ ಆರಿಸುತ್ತ, "ನಿಮ್ಮೂರಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು ತೀರ್ಕೊಂಡ್ರು ಕಣೇ" ಎಂದಳು.

ಹುಲಿಯೂರುದುರ್ಗದ ಬಸ್ಸಿನಲ್ಲಿ ಹೋಗುವಾಗ ಬಹಳ ವರ್ಷ ಒಂದು ಮೋರಿಯ ಅಂಚಿನಲ್ಲಿ ಅರ್ಧ ದುಂಡನೆಯ ಕಂಡಿ ಕಾಣುತ್ತಿತ್ತು. ಆಮೇಲೆ ರಸ್ತೆ ಅಗಲವಾಯಿತು, ಅದೂ ಹೋಯಿತು. ಗಡಿಗೆ ಏನಾಯಿತೋ ಗೊತ್ತಿಲ್ಲ.

ಮೊನ್ನೆ ಅಂಗಳದಲ್ಲಿ ತಿರುಗಿ ತಿರುಗಿ ಸಾಕಾಗಿ, ಟ್ರಂಕಿನಿಂದ ಆ ಸುರುಳಿ ತೆಗೆದೆ. ಲೆಕ್ಕ ಮಾಡಲು ನನ್ನ ಮಕ್ಕಳಿಗೆ ಅದನ್ನು ಕೊಟ್ಟಿರಲಿಲ್ಲ. ಕಿಟಕಿಯ ಪಕ್ಕ ಕೂತು ಗಡಿಗೆಯ ಹಾಳೆ ಬಿಡಿಸಿದೆ. ಎಳೆಬಿಸಿಲು ಓರೆಯಾಗಿ ಬೀಳುತ್ತಿತ್ತು. ಪೆನ್ಸಿಲ್ಲಿನ ಕಪ್ಪು ಹೋಗಿತ್ತು, ಅವರು ಒತ್ತಿ ಬರೆದ ಗೀರು ಹೋಗಿರಲಿಲ್ಲ. ಓರೆ ಬೆಳಕಿಗೆ ಒಂದೊಂದೇ ಎದ್ದು ಕಂಡವು. ಮೂರು ಮೂರು ಗೆರೆ ಜೊತೆಯಾಗಿ ಕಂಠದಿಂದ ಇಳಿದು, ನಡುವೆ ಒಂದನ್ನೊಂದು ಕತ್ತರಿಸಿ, ಮತ್ತೆ ಮೇಲೇರುತ್ತಿದ್ದವು. ನಾನು ತಿಕ್ಕಿ ತೊಳೆದದ್ದು ಏನನ್ನು ಎಂದು ನನಗೆ ಕಂಡದ್ದು ಆಗಲೇ, ಮೊದಲ ಸಲ. ಎಷ್ಟು ಚೆನ್ನಾಗಿತ್ತು! ಬೆರಳಿಟ್ಟು ಸವರಿದೆ. ಬೆರಳಿಗೂ ಸಿಕ್ಕಿತು.

"ಇದ್ವು ಮೇಷ್ಟ್ರೇ" ಎಂದೆ, ಗಟ್ಟಿಯಾಗಿಯೇ. "ನಿಮ್ ಕಣ್ಣು ಚೆನ್ನಾಗೇ ಇತ್ತು."

"ಯಾರ್ ಹತ್ರಮ್ಮ ಮಾತಾಡ್ತಿದೀಯ?" ಎಂದು ಮಗಳು ಒಳಗಿನಿಂದ ಕೂಗಿದಳು. ಹಿತ್ತಲಲ್ಲಿ ತಿಕ್ಕುವ ಸದ್ದು ಇನ್ನೂ ನಿಂತಿರಲಿಲ್ಲ.