ಪ್ರೆಸಿಲ್ಲಾ ಒತ್ತಿದ ಎರಡನೇ ಗುಂಡಿ

೧೯೮೬ರ ಸೆಪ್ಟೆಂಬರ್ ಐದು, ಶುಕ್ರವಾರ. ಬೆಳಿಗ್ಗೆ ಹನ್ನೊಂದಕ್ಕೆ ಉದ್ಯಾವರದ ಟೈಲರ್ ಪ್ರೆಸಿಲ್ಲಾ ಬಿಳಿ ಅಂಗಿಯೊಂದಕ್ಕೆ ಕಾಲರ್ ಹೊಲಿಯುತ್ತಿದ್ದರು. ಪಕ್ಕದಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಬಹರೈನಿನಿಂದ ಬಂದ ಕೀಬೋರ್ಡ್ ಇತ್ತು. ಅಳತೆ ಕೊಡಲು ಬಂದವರೆಲ್ಲ ಅದನ್ನೊಮ್ಮೆ ಮುಟ್ಟಿಯೇ ಹೋಗುತ್ತಿದ್ದರು.

ಕಳಿಸಿದವರು ಫೌಸ್ಟಿನ್. ಹನ್ನೆರಡು ವರ್ಷ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸಿ ಜೂನ್‌ನಲ್ಲಿ ಗಲ್ಫಿಗೆ ಹೋದವರು. ಅವರು ನುಡಿಸುವಾಗ ಪ್ರೆಸಿಲ್ಲಾ ಗಾಯಕರ ಎದುರು ನಿಂತು ಕೈಯಾಡಿಸಿ ಹಾಡಿಸುತ್ತಿದ್ದರು. ಈಗ ಎರಡೂ ಕೆಲಸ ಪ್ರೆಸಿಲ್ಲಾ ಒಬ್ಬರದೇ; ನುಡಿಸಲು ಕೂತರೆ ಹಾಡಿಸಲು ಕೈ ಬಿಡುವಿಲ್ಲ. ಸೋಮವಾರ ಮೊಂತಿ ಹಬ್ಬ, ಹೊಸ ತೆನೆಯನ್ನು ಆಶೀರ್ವದಿಸುವ ದಿನ. "ಭಾನುವಾರದೊಳಗೆ ಹಾಡು ಸರಿಹೋಗದಿದ್ದರೆ ಉಡುಪಿಯ ಬ್ಯಾಂಡಿನವರನ್ನು ಕರೆಸುತ್ತೇನೆ" ಎಂದಿದ್ದರು ಪಾದ್ರಿಗಳು. ಹಾಗಾದರೆ ಊರಿನ ಹದಿನಾಲ್ಕು ಮಂದಿ ಗಾಯಕರು ಬೆಂಚಿನಲ್ಲಿ ಕೂತು ಕೇಳಬೇಕು.

ನುಡಿಸಿದ್ದನ್ನು ಈ ಕೀಬೋರ್ಡ್ ನೆನಪಿಟ್ಟುಕೊಳ್ಳುತ್ತಿತ್ತು. ರೆಕಾರ್ಡ್ ಮಾಡಲು ಎರಡು ಗುಂಡಿ. ಮೊದಲನೆಯದನ್ನು ಒತ್ತಿ ನುಡಿಸಿದರೆ ಅದೇ ವೇಗದಲ್ಲಿ ಹಾಡು ಮರಳಿ ಬರುತ್ತಿತ್ತು. ಎರಡನೆಯದರಲ್ಲಿ ಸ್ವರಗಳನ್ನು ಒಂದೊಂದಾಗಿ ತುಂಬಬೇಕು. ಆಮೇಲೆ ತುದಿಯ ಒಂದು ಕೀ ಒತ್ತಿದಾಗಲೆಲ್ಲ ಮುಂದಿನ ಸ್ವರ ಬರುತ್ತದೆ. ಅದು ಮಕ್ಕಳಾಟಕ್ಕೆಂದು ಪ್ರೆಸಿಲ್ಲಾ ಬಿಟ್ಟಿದ್ದರು.

ಸಂಜೆ ಅಭ್ಯಾಸ. ಮೊದಲ ಗುಂಡಿ ಒತ್ತಿ ತುಂಬಿದ ಹಾಡನ್ನು ಚಾಲೂ ಮಾಡಿ ಪ್ರೆಸಿಲ್ಲಾ ಎರಡೂ ಕೈ ಎತ್ತಿದರು. ಯಾರೂ ಮುಟ್ಟದೆ ಸ್ವರ ಹೊಮ್ಮಿತು! ಗಾಯಕರು ನಕ್ಕರು, ಮೈದುಂಬಿ ಹಾಡಿದರು. ಚರಣದ ಕೊನೆಗೆ ಎಪ್ಪತ್ತರ ಹಿರಿಯ ಗಾಯಕಿ ಆಂಜೆಲಾ ಬಾಯಿ ರೂಢಿಯಂತೆ ಕಣ್ಣು ಮುಚ್ಚಿ ಕೊನೆಯ ಅಕ್ಷರ ಎಳೆದರು. ಉಳಿದವರೂ ಎಳೆದರು. ಫೌಸ್ಟಿನ್ ಇದಕ್ಕೆ ಕಾಯುತ್ತಿದ್ದರು. ಯಂತ್ರ ಕಾಯಲಿಲ್ಲ, ಇವರು ಕಣ್ಣು ತೆರೆಯುವಷ್ಟರಲ್ಲಿ ಎರಡನೇ ಚರಣದ ನಡುವೆ ಇತ್ತು.

"ಇದಕ್ಕೆಂತ, ಬಸ್ ತಪ್ಪುತ್ತದಾ?" ಎಂದರು ಆಂಜೆಲಾ ಬಾಯಿ.

"ಬಾಯಿ, ನೀವು ಸ್ವಲ್ಪ ಬೇಗ ಬಿಡಬೇಕು" ಎಂದರು ಪ್ರೆಸಿಲ್ಲಾ.

"ಐವತ್ತು ವರ್ಷದಿಂದ ಎಳೆಯುತ್ತಿದ್ದೇನೆ ಮಾರಾಯ್ತಿ. ದೇವರಿಗೇ ಅವಸರ ಇಲ್ಲ, ನಿನ್ನ ಪೆಟ್ಟಿಗೆಗೆ ಎಂತ ಅವಸರ?"

ಇನ್ನೂ ಮೂರು ಸಲ ಹಾಡಿಸಿದರು. ಮೂರು ಸಲವೂ ಪೆಟ್ಟಿಗೆಯೇ ಮುಂದೆ.

ಶನಿವಾರ ಬೆಳಿಗ್ಗೆ ಪ್ರೆಸಿಲ್ಲಾ ಇನ್ನೊಂದು ಕಾಲರಿನ ಮೂಲೆ ಹೊಲಿಯುತ್ತಿದ್ದರು. ಮೂಲೆಯಲ್ಲಿ ಅವರು ಕಾಲಿನಿಂದ ತುಳಿಯುವುದಿಲ್ಲ. ಚಕ್ರವನ್ನು ಕೈಯಲ್ಲೇ ತಿರುಗಿಸಿ ಒಂದೊಂದೇ ಹೊಲಿಗೆ ಹಾಕುತ್ತಾರೆ. ಬಟ್ಟೆ ತಿರುಗುವವರೆಗೆ ಸೂಜಿ ಕಾಯುತ್ತದೆ. ಅವರ ಕೈ ಅಲ್ಲೇ ನಿಂತಿತು. ಅಂಗಿಯನ್ನು ಸೂಜಿಯ ಕೆಳಗೇ ಬಿಟ್ಟು ಎದ್ದು ಕೀಬೋರ್ಡಿನ ಎರಡನೇ ಗುಂಡಿ ಒತ್ತಿದರು.

ಒಟ್ಟು ತೊಂಬತ್ತಾರು ಸ್ವರ. ಎಪ್ಪತ್ತನೆಯದು ತಪ್ಪಿ, ಮತ್ತೆ ಮೊದಲಿನಿಂದ ತುಂಬಿದರು. ಸ್ವಿಚ್ ಆರಿಸಿದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ಆದ್ದರಿಂದ ತುಂಬುವ ಮೊದಲೇ ಹೊಸ ಬ್ಯಾಟರಿ ಹಾಕಿದ್ದರು. ಭಾನುವಾರ ಸಂಜೆ ಕೆಂಪು ದೀಪ ಉರಿಯುತ್ತಿದ್ದ ಕೀಬೋರ್ಡನ್ನು ಎದೆಗವಚಿಕೊಂಡೇ ಚರ್ಚಿಗೆ ನಡೆದರು.

ಎಡಗೈಯ ಒಂದು ಬೆರಳು ತುದಿಯ ಕೀಯ ಮೇಲೆ, ಬಲಗೈ ಗಾಳಿಯಲ್ಲಿ. ಚರಣ ಮುಗಿಯಿತು. ಆಂಜೆಲಾ ಬಾಯಿ ಎಳೆದರು, ಮೊನ್ನೆಗಿಂತಲೂ ಉದ್ದ, ಒಂದು ಕಣ್ಣು ತೆರೆದು ಕೀಬೋರ್ಡನ್ನೇ ನೋಡುತ್ತಾ. ಬೆರಳು ಕಾಯಿತು. ಅವರು ಉಸಿರು ತೆಗೆದುಕೊಂಡರು; ಪ್ರೆಸಿಲ್ಲಾ ಒತ್ತಿದರು. ಹದಿನಾಲ್ಕು ಕಂಠ, ಒಂದು ಸ್ವರ, ಒಟ್ಟಿಗೆ!

"ಈಗ ಬುದ್ಧಿ ಬಂತು ಪೆಟ್ಟಿಗೆಗೆ" ಎಂದರು ಆಂಜೆಲಾ ಬಾಯಿ.

ಬಾಗಿಲಲ್ಲಿ ನಿಂತು ಕೇಳಿದ ಪಾದ್ರಿಗಳು ಬ್ಯಾಂಡಿನವರು ಬೇಡ ಎಂದರು. ಸೋಮವಾರ ಬೆಳಿಗ್ಗೆ ಹಬ್ಬದ ಪೂಜೆ ಏಳೂವರೆಗೆ. ಗಾಯಕರು ಏಳಕ್ಕೇ ಸೇರುತ್ತಾರೆ.