ಅಬು ಹಲೀಫಾದ ಕೋಣೆಯಲ್ಲಿದ್ದ ಚಿತ್ರ

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಕಾರಣವಿಲ್ಲದೆ ಏನೂ ನಡೆಯುವುದಿಲ್ಲವೆಂದು ಬಂಧುಗಳೊಡನೆ ವಾದಿಸುತ್ತಿದ್ದವನೂ ನಾನೇ. ಆದ್ದರಿಂದ ಇದನ್ನು ಬರೆಯಲು ಸಂಕೋಚವಾಗುತ್ತದೆ. ಓದುಗರು ನಂಬಲೇಬೇಕೆಂಬ ಒತ್ತಾಯ ನನ್ನದಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದೆ ಕುವೈತಿನ ಅಬು ಹಲೀಫಾದಲ್ಲಿ ನಾನು ಮತ್ತು ಹಮೀದ್ ಒಂದೇ ಕೋಣೆಯಲ್ಲಿದ್ದೆವು. ಅವರು ಉಪ್ಪಿನಂಗಡಿ ಕಡೆಯವರು. ಫಹಾಹೀಲ್‌ನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ನಮಗಿಂತ ಮೊದಲು ಅಲ್ಲಿದ್ದವರು ಗೋಡೆಯ ಮೇಲೆ ಒಂದು ಚಿತ್ರದ ಮುದ್ರಿತ ಪ್ರತಿಯನ್ನು ಬಿಟ್ಟುಹೋಗಿದ್ದರು. ಕೆಂಪು ಗೋಡೆಯ ಅಡುಗೆಮನೆ, ಮೇಜಿನ ಮೇಲೆ ಹೂಜಿ, ಪಕ್ಕದ ಕುರ್ಚಿಯಲ್ಲಿ ನೀಲಿ ಉಡುಪಿನ ಹೆಂಗಸು. ಆಕೆಯ ಮುಖಕ್ಕೆ ಹಸಿರು, ಹಳದಿ ಬಣ್ಣಗಳನ್ನು ದಪ್ಪವಾಗಿ ಬಳಿಯಲಾಗಿತ್ತು. ಅದು ಪೋಸ್ಟ್-ಇಂಪ್ರೆಷನಿಸ್ಟ್ ಶೈಲಿಯೆಂದು ಆಮೇಲೆ ಓದಿ ತಿಳಿದುಕೊಂಡೆ.

ಆ ವರ್ಷ ಇಕಾಮಾ, ಅಂದರೆ ವಾಸದ ಪರವಾನಗಿಯ ನವೀಕರಣಕ್ಕಾಗಿ ನನ್ನ ಪಾಸ್‌ಪೋರ್ಟ್ ಕಂಪನಿಯ ಕಚೇರಿಯಲ್ಲಿತ್ತು. ಒಂದು ಶುಕ್ರವಾರ ಮಧ್ಯಾಹ್ನ ಊಟಕ್ಕೆ ತಟ್ಟೆ ಇಡುತ್ತ ತಲೆಯೆತ್ತಿದಾಗ ಚಿತ್ರದ ಕುರ್ಚಿ ಬರಿದಾಗಿತ್ತು. ಮೇಜು, ಹೂಜಿ ಎಲ್ಲವೂ ಇದ್ದವು. ಹೆಂಗಸು ಇರಲಿಲ್ಲ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಜುಮಾ ನಮಾಜು ಮುಗಿಸಿ ಬಂದ ಹಮೀದರಿಗೆ ತೋರಿಸಿದೆ.

“ಹಮೀದ್ ಭಾಯಿ, ಆ ಹೆಂಗಸು ಎಲ್ಲಿ?”

“ಎಂತ ಹೆಂಗಸು ಮಾರಾಯ್ರೆ? ಅದರಲ್ಲಿ ಯಾವಾಗ್ಲೂ ಬರೀ ಕುರ್ಚಿಯೇ ಇದ್ದದ್ದಲ್ವಾ? ನಿಮಗೆ ಬೇಗ ಮದುವೆ ಮಾಡಿಸ್ಬೇಕು, ಗೋಡೆಯಲ್ಲೆಲ್ಲ ಹೆಂಗಸರು ಕಾಣ್ಲಿಕ್ಕೆ ಶುರುವಾಗಿದೆ!”

ನನಗೆ ನಗಲಾಗಲಿಲ್ಲ. ಏಕೋ ಅಮ್ಮನ ದನಿ ಕೇಳಬೇಕೆನಿಸಿ ಊರಿಗೆ ಫೋನ್ ಮಾಡಿದೆ. ತಂಗಿ ಮೊಬೈಲ್ ಎತ್ತಿಕೊಂಡಳು.

“ಅಮ್ಮ ಮಲಗಿದ್ದಾರೆ ಅಣ್ಣ. ಆರಾಮ ಉಂಟು. ಈಗ ಎಬ್ಬಿಸುದು ಬೇಡ.”

ಎಬ್ಬಿಸು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಾರಣ ಕೇಳಿದರೆ ಏನು ಹೇಳಲಿ? ಚಿತ್ರದಿಂದ ಹೆಂಗಸು ಎದ್ದುಹೋಗಿದ್ದಾಳೆಂದೇ? ಓದಿದವನೆಂಬ ನಾಚಿಕೆಯಿಂದ, ಸರಿ ಎಂದು ಫೋನ್ ಇಟ್ಟೆ.

ಸಂಜೆ ನೋಡಿದಾಗ ಆಕೆ ಮತ್ತೆ ಕುರ್ಚಿಯಲ್ಲಿದ್ದಳು.

ಮುಂದಿನ ಎರಡು ಶುಕ್ರವಾರವೂ ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾರೆಂದು ತಂಗಿ ಹೇಳಿದಳು. ಇಕಾಮಾ ಆಗಿ ಪಾಸ್‌ಪೋರ್ಟ್ ಕೈಗೆ ಬಂದ ದಿನ, ಅಮ್ಮ ಆ ಮೊದಲ ಶುಕ್ರವಾರವೇ ತೀರಿಕೊಂಡರೆಂದು ಮನೆಯವರು ತಿಳಿಸಿದರು. ಪಾಸ್‌ಪೋರ್ಟ್ ಕೈಯಲ್ಲಿಲ್ಲದವನಿಗೆ ಮನೆಯ ಕಾಯಿಲೆ, ಸಾವುಗಳನ್ನು ತಿಳಿಸದಿರುವುದು ನಮ್ಮವರ ರೂಢಿ. ಬರಲಾಗದೆ ಕೊರಗುವುದು ಬೇಡವೆಂಬ ಕರುಣೆ. ಬೇರೆ ಇಬ್ಬರ ವಿಷಯದಲ್ಲಿ ನಾನೂ ಹೀಗೆ ಬಾಯಿ ಮುಚ್ಚಿಕೊಂಡಿದ್ದೆ. ತಂಗಿಯನ್ನು ದೂರುವ ಹಕ್ಕು ನನಗಿಲ್ಲ.

ಅಮ್ಮನ ವಿಷಯ ತನಗೇನೂ ಗೊತ್ತಿರಲಿಲ್ಲವೆಂದು ಹಮೀದ್ ಆಣೆಯಿಟ್ಟರು. ಚಿತ್ರದಲ್ಲಿ ಯಾವಾಗಲೂ ಬರೀ ಕುರ್ಚಿಯೇ ಇತ್ತೆಂದು ಅಂದು ಹೇಳಿದ್ದೇಕೆಂದು ಅವರಿಗೂ ತಿಳಿಯದು.

ತಂಗಿ ಆ ಮಧ್ಯಾಹ್ನ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದಳಂತೆ. ಅಮ್ಮನಿಗೆ ಎಚ್ಚರವಿತ್ತು. “ಯಾರು, ಅವನಾ?” ಎಂದು ಫೋನಿಗೆ ಕೈ ಚಾಚಿದ್ದರಂತೆ. ದನಿ ಕೇಳಿದರೆ ನನಗೆ ಗೊತ್ತಾಗಿಬಿಡುತ್ತದೆಂದು ತಂಗಿ ಕೊಡಲಿಲ್ಲ. ಕತ್ತಲಾಗುವ ಮೊದಲೇ ಅಮ್ಮ ಹೋದರು.