ಬಲಗಡೆ ಸೀಟಿನ ಭಾರ

ಸತ್ತವರು ಬಂದರು, ಕಂಡರು ಎನ್ನುವ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ನಕ್ಕು ಎದ್ದುಹೋಗುತ್ತಿದ್ದವಳು ನಾನು. ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿತವರ ಮಾತಿಗೆ ಎಲ್ಲಿಲ್ಲದ ಬೆಲೆ ಬಂದಿದ್ದ ಕಾಲ ಅದು; ನನಗೂ ಸ್ವಲ್ಪ ಕೊಬ್ಬಿತ್ತು. ಹಾಗಾಗಿ ಇದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಪೈಲಟ್‌ಗಳಿಗೆ ತರಬೇತಿ ಕೊಡುವ ಒಂದು ಸಂಸ್ಥೆಯಲ್ಲಿ ಸಿಮ್ಯುಲೇಟರ್, ಅಂದರೆ ನೆಲದ ಮೇಲೇ ಇದ್ದುಕೊಂಡು ಜೆಟ್ ವಿಮಾನದಂತೆ ವರ್ತಿಸುವ ಯಂತ್ರ, ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ವೇಗ ಕಡಿಮೆ ಮಾಡಿದರೆ ವಿಮಾನದ ಮೂತಿ ಕೆಳಗಿಳಿಯಲು ನೋಡುತ್ತದೆ. ಪೈಲಟ್ ಹಿಡಿಕೆಯನ್ನು ತನ್ನತ್ತ ಎಳೆದು ಹಿಡಿಯಬೇಕು. ಎಷ್ಟು ಹೊತ್ತು ಹಿಡಿದಾನು? ಅದಕ್ಕೇ ಹೆಬ್ಬೆರಳಿನ ಬಳಿ ಟ್ರಿಮ್ ಗುಂಡಿ ಇರುತ್ತದೆ. ಒತ್ತಿದರೆ ಬಾಲದ ರೆಕ್ಕೆ ಸ್ವಲ್ಪ ಓರೆಯಾಗುತ್ತದೆ, ಮೊಣಕಾಲಿನ ಪಕ್ಕದ ಚಕ್ರ ಕಟಕಟ ತಿರುಗುತ್ತದೆ, ಕೈಮೇಲಿನ ಭಾರ ಇಳಿಯುತ್ತದೆ. ನಮ್ಮ ಯಂತ್ರದಲ್ಲಿ ಆ ಭಾರವನ್ನು ಕೃತಕವಾಗಿ ಹುಟ್ಟಿಸಬೇಕು. ಅದು ಸರಿಯಾಗಿದೆಯೇ ಎಂದು ಅಳೆಯುವವಳು ನಾನು.

ಕಲಿಸುತ್ತಿದ್ದವರು ನಿವೃತ್ತ ಕ್ಯಾಪ್ಟನ್ ದೇಸಾಯಿ, ಧಾರವಾಡದ ಕಡೆಯವರು. ಟ್ರಿಮ್ ಎನ್ನುವ ಶಬ್ದವನ್ನೇ ಅವರು ಬಳಸುತ್ತಿರಲಿಲ್ಲ. ತೆಲುಗು ಹುಡುಗರಿಗೂ "ಭಾರ ಇಳಸು" ಎಂದೇ ಕಲಿಸಿಬಿಟ್ಟಿದ್ದರು. ಬಲಗಡೆ ಸೀಟಿನಲ್ಲಿ ಕೂತು ತಾವೇ ಮಾಡಿ ತೋರಿಸುವರು: ಎರಡು ಸಲ ಉದ್ದಕ್ಕೆ ಒತ್ತಿ, ಸ್ವಲ್ಪ ತಡೆದು, ಕೊನೆಗೊಂದು ಪುಟ್ಟ ಒತ್ತು. "ಸಾರಿಗೆ ಉಪ್ಪು ಹಾಕಿದಂಗ, ತಂಗಿ. ಕಡೀಕ ಒಂದ್ ಚಿಟಿಕಿ," ಎಂದು ನಗುವರು. ಬೇರೆ ಯಾರೂ ಹಾಗೆ ಒತ್ತಿದ್ದನ್ನು ನಾನು ಕಂಡಿಲ್ಲ.

ಒಂದು ದಿನ "ಹಿಡಿಕಿ ಭಾಳ ಭಾರ ಆಗೇತಿ, ನೋಡು ತಂಗಿ" ಎಂದರು. ಅಳೆದೆ, ಸರಿಯಾಗಿತ್ತು. ಮತ್ತೆ ಹೇಳಿದರು, ಮತ್ತೆ ಅಳೆದೆ. ಮೂರನೇ ಸಲ ಅಳೆದು, ರೇಗಿ, ಹುಡುಗರ ಎದುರಿಗೇ ಅಂದುಬಿಟ್ಟೆ: "ಯಂತ್ರ ಸರಿ ಇದೆ ಸರ್. ನಿಮ್ಮ ಕೈಲೇ ಶಕ್ತಿ ಕಡಿಮೆ ಆಗಿರಬೇಕು." ಅವರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ಇರಬಹುದು ಬಿಡು ತಂಗಿ" ಎಂದರು. ಮರುವಾರದಿಂದ ಕೆಲಸಕ್ಕೆ ಬರಲಿಲ್ಲ. ಎರಡು ತಿಂಗಳಿಗೆ ಹೃದಯಾಘಾತದಿಂದ ತೀರಿಕೊಂಡರು. ಯಾವ ಮುಖ ಹೊತ್ತು ಅವರ ಮನೆಗೆ ಹೋಗಲಿ ಎಂದು ನಾನು ಸುಮ್ಮನಾದೆ.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನ ಹುಡುಗರು ಚಹಾಕ್ಕೆ ಹೋಗಿದ್ದರು. ಎಡಗಡೆ ಸೀಟಿನಲ್ಲಿ ಒಬ್ಬಳೇ ಕೂತು, ವೇಗ ಇಳಿಸಿ, ಹಿಡಿಕೆ ಎಳೆದು ಹಿಡಿದಿದ್ದೆ. ಅಳತೆ ಮುಗಿಯುವವರೆಗೆ ಟ್ರಿಮ್ ಮುಟ್ಟಬಾರದು. ನನ್ನ ಹೆಬ್ಬೆರಳು ಗುಂಡಿಯಿಂದ ದೂರವಿತ್ತು. ಆಗ ಚಕ್ರ ತಿರುಗಿತು. ಉದ್ದಕ್ಕೆ ಒಂದು ಸಲ, ಮತ್ತೆ ಇನ್ನೊಂದು ಸಲ. ಸೋತಿದ್ದ ಕೈಯಿಂದ ಭಾರ ಇಳಿಯುತ್ತ ಬಂತು. ಸ್ವಲ್ಪ ತಡೆದು, ಕಟ್ ಎಂದು ಒಂದು ಚಿಟಿಕೆ. ಪಕ್ಕದ ಸೀಟು ಖಾಲಿ ಇತ್ತು.

ಯಂತ್ರದ ದಾಖಲೆ ತೆಗೆದು ನೋಡಿದೆ. ಬಲಗಡೆ ಸೀಟಿನ ಹಿಡಿಕೆಯ ಗುಂಡಿಯನ್ನು ಮೂರು ಸಲ ಒತ್ತಿದ ಗುರುತಿತ್ತು. ಗುಂಡಿ ಕೆಟ್ಟಿರಬೇಕು ಎಂದು ಆ ಸೀಟಿಗೆ ಹೋಗಿ ಕೂತೆ. ಗುಂಡಿ ಸರಿಯಾಗಿತ್ತು. ಹಿಡಿಕೆ ಎಳೆದೆ. ಭಾರವಾಗಿತ್ತು. ಎರಡು ಹಿಡಿಕೆಗಳಿಗೂ ಒಳಗೆ ಒಂದೇ ಸರಳಿನ ಜೋಡಣೆ, ಹಾಗಾಗಿ ನಾವು ಯಾವಾಗಲೂ ಎಡಗಡೆ ಮಾತ್ರ ಅಳೆಯುತ್ತಿದ್ದೆವು. ಬಲಗಡೆಯ ಬೇರಿಂಗ್ ಒಣಗಿ ಬಿಗಿದುಕೊಂಡಿತ್ತು; ಜೋಡಣೆ ಸ್ವಲ್ಪ ಸಡಿಲವಾಗಿದ್ದರಿಂದ ಎಡಗಡೆ ಅದು ತಿಳಿಯುತ್ತಿರಲಿಲ್ಲ. ಅವರು ಮೂರು ಸಲ ಹೇಳಿದಾಗಲೂ ಅವರ ಸೀಟಿನಲ್ಲಿ ನಾನು ಒಮ್ಮೆಯೂ ಕೂತು ನೋಡಿರಲಿಲ್ಲ.

ಅಂದು ಸಂಜೆಯೇ ಮೆಹದಿಪಟ್ಟಣಂನ ಅವರ ಮನೆಗೆ ಹೋದೆ. ಹೆಸರು ಹೇಳುತ್ತಲೇ ಅವರ ಹೆಂಡತಿ ಕೈಹಿಡಿದು ಕೂರಿಸಿದರು. "ನಿನ್ನ ಸುದ್ದಿ ಹೇಳ್ತಿದ್ರವಾ. ಆಕಿ ಕಂಪ್ಯೂಟರ್ ಕಲತಾಕಿ, ಆಕಿ ಹೇಳಿದ್ದು ಖರೇನ ಇರಬೇಕು ಅಂತಿದ್ರು. ಕೈಯಾಗ ಶಕ್ತಿ ಬರಲಿ ಅಂತ ದಿನಾ ಈ ಚೆಂಡು ಹಿಚುಕ್ತಿದ್ರು." ಟಿ.ವಿ. ಮೇಲೆ ಒಂದು ರಬ್ಬರ್ ಚೆಂಡಿತ್ತು. ಹಿಚುಕಿ ಹಿಚುಕಿ ಅದು ಒಂದು ಕಡೆ ತಗ್ಗಾಗಿತ್ತು.

ಅವರ ಕೈ ಸರಿಯಾಗಿಯೇ ಇತ್ತು, ತಪ್ಪು ನನ್ನದು ಎಂದು ಹೇಳಿ ಅತ್ತುಬಿಟ್ಟೆ. ಆಕೆ ಬೈಯಲಿಲ್ಲ. "ಇದನ್ನ ಅವರಿದ್ದಾಗ ಹೇಳಿದ್ದಿದ್ರ ಭಾಳ ಖುಷಿ ಪಡ್ತಿದ್ರವಾ" ಎಂದರು, ಅಷ್ಟೇ.

ಬೇರಿಂಗ್ ಯಾಕೆ ಬಿಗಿಯಿತು ಎಂದು ನಾನು ವಿವರಿಸಬಲ್ಲೆ. ಆ ಗುಂಡಿಯ ವಿಷಯ ಮಾತ್ರ ಇಂದಿಗೂ ತಿಳಿದಿಲ್ಲ. ನಾನು ಕೆಲಸ ಬಿಡುವವರೆಗೂ ಅದು ಇನ್ನೊಮ್ಮೆ ತಾನಾಗಿ ಒತ್ತಿಕೊಳ್ಳಲಿಲ್ಲ. ಅವರೇ ಬಂದಿದ್ದರು ಎನ್ನಲು ನನಗೆ ಧೈರ್ಯವಿಲ್ಲ. ಒಂದು ವೇಳೆ ಬಂದಿದ್ದರೆ, ನನ್ನ ತಪ್ಪು ತೋರಿಸಲು ಬಂದರೋ, ಸುಮ್ಮನೆ ನನ್ನ ಕೈ ಸೋತದ್ದು ಕಂಡು ಭಾರ ಇಳಿಸಲು ಬಂದರೋ, ಅದೂ ಗೊತ್ತಿಲ್ಲ.